ಕಾರಿನ ಆಂಪ್ಲಿಫೈಯರೂ ಅಗ್ಗದ ಮೀಟರೂ

ನಮ್ಮ ಹೋಟೆಲಿನಲ್ಲಿ ಹಿಂದೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಬಿಲ್ಲು ಬರೆಯುತ್ತಿದ್ದ ತರುಣನೊಬ್ಬನು ಈಗ ಮುಂಬಯಿಯಲ್ಲಿ ಸ್ವಂತ ಟೂರಿಸ್ಟ್ ಕಾರನ್ನು ಓಡಿಸುತ್ತಿರುವನು. ಕಳೆದ ತಿಂಗಳು ಕಚೇರಿಗೆ ಬಂದಾಗ ಅವನ ಮುಖ ಬಾಡಿತ್ತು. ಚೀಟಿ ಎತ್ತಿದ ಹಣದಲ್ಲಿ ಕಾರಿಗೆ ಆಂಪ್ಲಿಫೈಯರನ್ನೂ ದೊಡ್ಡ ಸ್ಪೀಕರನ್ನೂ ಹಾಕಿಸಿದ್ದನಂತೆ. ಜೋಡಿಸಿಕೊಟ್ಟ ಅಂಗಡಿಯವನು ‘ಗೇನ್’ ಎಂಬ ತಿರುಪನ್ನು ತುದಿಯವರೆಗೆ ತಿರುಗಿಸಿ, “ಈಗ ಕೇಳಿ ನೋಡಿ” ಎಂದನಂತೆ. ಹದಿನೈದು ದಿನ ಕೇಳಿದನು. ಹದಿನಾರನೆಯ ದಿನ ಸುಟ್ಟ ವಾಸನೆ ಬಂದು ಸದ್ದು ನಿಂತಿತು.

ಗೇನ್ ಎಂಬುದು ಸದ್ದು ಹೆಚ್ಚಿಸುವ ತಿರುಪೆಂದು ತಿಳಿದವರೇ ಬಹಳ. ಅದು ಹಾಗಲ್ಲ. ಸ್ಟೀರಿಯೋದಿಂದ ಬರುವ ಸಂಕೇತಕ್ಕೂ ಆಂಪ್ಲಿಫೈಯರಿನ ಶಕ್ತಿಗೂ ಹೊಂದಾಣಿಕೆ ಮಾಡತಕ್ಕ ತಿರುಪು ಅದು. ಎರಡು ಸೇರಿನ ಪಾತ್ರೆಗೆ ಮೂರು ಸೇರು ಹಾಲನ್ನು ಸುರಿದರೆ ಏನಾಗುವುದೆಂದು ಹೋಟೆಲಿನವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಹಾಲಿನ ಬದಲು ಧ್ವನಿಯ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಸ್ಪೀಕರಿನ ಸುರುಳಿಯಲ್ಲಿ ಶಾಖ ಏರುತ್ತದೆ.

ಕಿವಿಯನ್ನು ನಂಬಿ ಇದನ್ನು ಸರಿಪಡಿಸುವುದು ಕಷ್ಟ; ಮೀಟರು ಬೇಕು. ಲೆಕ್ಕವೇನೋ ನಾವು ಎಸ್.ಎಸ್.ಎಲ್.ಸಿ.ಯಲ್ಲಿ ಓದಿದ ಓಮನ ನಿಯಮದಷ್ಟೇ. ವ್ಯಾಟನ್ನು ಓಮಿನಿಂದ ಗುಣಿಸಿ, ಬಂದುದರ ವರ್ಗಮೂಲ ತೆಗೆದರೆ ಬೇಕಾದ ವೋಲ್ಟು ಸಿಗುತ್ತದೆ. 100 ವ್ಯಾಟು, 4 ಓಮು ಎಂದರೆ 400. ಅದರ ವರ್ಗಮೂಲ 20 ವೋಲ್ಟು. 500 ವ್ಯಾಟು, 2 ಓಮು ಆದರೆ ಸುಮಾರು 31.6. ಆದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ‘ಗರಿಷ್ಠ’ ವ್ಯಾಟನ್ನು ಹಿಡಿಯಬಾರದು. ಆರ್.ಎಂ.ಎಸ್. ಎಂದು ಬರೆದುದನ್ನೇ, ಅದೂ ಆಂಪ್ಲಿಫೈಯರು ಮತ್ತು ಸ್ಪೀಕರುಗಳಲ್ಲಿ ಕಡಿಮೆಯಿರುವುದನ್ನೇ ಹಿಡಿಯಬೇಕು.

ಇನ್ನು ಮೀಟರಿನ ಮಾತು. ಬ್ರಿಟಿಷ್ ಅಂಚೆ ಇಲಾಖೆಯ ಇಂಜಿನಿಯರ್ ಡೊನಾಲ್ಡ್ ಮೆಕಾಡಿ ಎಂಬಾತನು ಹಲವು ಉಪಕರಣಗಳನ್ನು ಹೊತ್ತು ತಿರುಗಿ ಬೇಸತ್ತು ಯೋಚಿಸಿದ ‘ಆವೋ’ ಮೀಟರು 1923ರಲ್ಲಿ ಮಾರಾಟಕ್ಕೆ ಬಂದಿತು. ಆಂಪು, ವೋಲ್ಟು, ಓಮು ಮೂರೂ ಒಂದೇ ಪೆಟ್ಟಿಗೆಯಲ್ಲಿ. ಅದರ ಬಡ ಮೊಮ್ಮಗನೆನ್ನಬಹುದಾದ ಹಳದಿ ಬಣ್ಣದ ಡಿಟಿ-830 ಇಂದು ಲ್ಯಾಮಿಂಗ್ಟನ್ ರಸ್ತೆಯಲ್ಲಿ, ಚೆನ್ನೈಯ ರಿಚ್ಚಿ ಸ್ಟ್ರೀಟಿನಲ್ಲಿ, ದೆಹಲಿಯ ಲಜಪತರಾಯ್ ಮಾರ್ಕೆಟ್ಟಿನಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ದೊರೆಯುತ್ತದೆ. ಅದು ಸಾಕೇ ಎಂಬುದೇ ಪ್ರಶ್ನೆ.

ಸಾಕು, ಆದರೆ ಅದರ ಮಿತಿಯನ್ನು ಬಲ್ಲವನಿಗೆ. ಪರ್ಯಾಯ ವಿದ್ಯುತ್ತಿಗೆ ಅದರಲ್ಲಿರುವುದು 200 ಮತ್ತು 750 ವೋಲ್ಟಿನ ಎರಡೇ ಮೆಟ್ಟಿಲು. 20 ವೋಲ್ಟು ಅಳೆಯುವಾಗ ಒಂದೂಕಾಲು ವೋಲ್ಟಿನಷ್ಟು ಆಚೀಚೆ ಆಗಬಹುದು. ಅಂದರೆ 100 ವ್ಯಾಟೆಂದು ನಾವು ಎಣಿಸಿದ್ದು 88ರಿಂದ 113ರವರೆಗೆ ಎಲ್ಲಿಯೂ ಇರಬಹುದು. ಕಿವಿಗೆ ಇದು ಹೆಚ್ಚಿನ ಭೇದವಲ್ಲ. ದೊಡ್ಡ ಕೊರತೆ ಬೇರೆ: ಸೆಕೆಂಡಿಗೆ ಸುಮಾರು 450 ಆವರ್ತನಗಳನ್ನು ಮೀರಿದ ಸ್ವರಕ್ಕೆ ಅದರ ಲೆಕ್ಕವನ್ನು ನಂಬಲಾಗದು. ಮಂದ್ರ ಸ್ಪೀಕರಿಗೆ 50 ಹರ್ಟ್ಸಿನ ಸ್ವರ ಬಳಸುವುದರಿಂದ ತೊಂದರೆಯಿಲ್ಲ. ಬಾಗಿಲಿನ ಸ್ಪೀಕರುಗಳಿಗೆ ವಾಡಿಕೆಯ 1000 ಹರ್ಟ್ಸನ್ನು ಬಿಟ್ಟು 400ನ್ನು ಬಳಸಿಕೊಂಡರಾಯಿತು. ‘ಟ್ರೂ ಆರ್.ಎಂ.ಎಸ್.’ ಎಂದು ಹೆಚ್ಚು ಬೆಲೆ ಕೇಳುವವರಿಗೆ ಈ ಕೆಲಸಕ್ಕಾಗಿ ಹಣ ಕೊಡಬೇಕಾಗಿಲ್ಲ. ಶುದ್ಧ ಸ್ವರದ ಅಲೆಯನ್ನು ಎರಡು ಬಗೆಯ ಮೀಟರೂ ಒಂದೇ ತೆರನಾಗಿ ತೋರಿಸುತ್ತವೆ. ಇನ್ನಷ್ಟು ಹಣ ಹಾಕಬಲ್ಲವರು ಮೆಕೋ, ರಿಷಭ್ ಮುಂತಾದ ನಮ್ಮ ದೇಶದ ಮೀಟರುಗಳ ಚೀಟಿಯನ್ನು ಓದಿ, ಪರ್ಯಾಯ ವೋಲ್ಟಿನ ಆವರ್ತನ ಮಿತಿ 1000 ಮುಟ್ಟುವುದೇ ಎಂದು ನೋಡಿ ಕೊಳ್ಳಲಿ.

ಅಗ್ಗದ ಮೀಟರಿನ 10 ಆಂಪಿನ ತೂತಿಗೆ ಫ್ಯೂಜು ಇರುವುದಿಲ್ಲ. ನಾವೇ ಒಮ್ಮೆ ಕೆಂಪು ತಂತಿಯನ್ನು ಅಲ್ಲಿಯೇ ಮರೆತು ಹೋಟೆಲಿನ ಇನ್ವರ್ಟರ್ ಬ್ಯಾಟರಿಗೆ ಮುಟ್ಟಿಸಿದೆವು. ಕಿಡಿ ಹಾರಿ ಮೊನೆ ಕರಗಿತು. ದೋಸೆ ಹುಯ್ಯುತ್ತಿದ್ದ ಭಟ್ಟರು ಸಟ್ಟುಗ ಬಿಟ್ಟು ಓಡಿದರು.

ಕ್ರಮ ಹೀಗಿದೆ. ಸ್ಪೀಕರಿನ ತಂತಿಗಳನ್ನು ಬಿಚ್ಚಿರಿ. ಬಾಸ್ ಬೂಸ್ಟು, ಈಕ್ವಲೈಜರು, ಫಿಲ್ಟರುಗಳೆಲ್ಲ ನಿಂತಿರಲಿ. ಗೇನನ್ನು ಸೊನ್ನೆಗಿಳಿಸಿ, ಸ್ಟೀರಿಯೋವನ್ನು ಮುಕ್ಕಾಲಿಗೇರಿಸಿ, ಪೂರ್ಣ ಮಟ್ಟದಲ್ಲಿ ಮುದ್ರಿತವಾದ ಶುದ್ಧ ಸ್ವರವನ್ನು ನುಡಿಸಿರಿ. ಮೀಟರಿನ ಮೊನೆಗಳನ್ನು ಆಂಪ್ಲಿಫೈಯರಿನ ಸ್ಪೀಕರು ತುದಿಗಳಿಗೆ ಹಿಡಿದು, ಲೆಕ್ಕದ ವೋಲ್ಟು ಬರುವವರೆಗೆ ಮಾತ್ರ ಗೇನನ್ನು ಏರಿಸಿರಿ. ತಂತಿ ಮತ್ತೆ ಜೋಡಿಸುವ ಮುಂಚೆ ಸದ್ದು ಇಳಿಸಿ ಫಿಲ್ಟರುಗಳನ್ನು ಮರಳಿ ಹಾಕಲು ಮರೆಯಬಾರದು. ಸ್ಟೀರಿಯೋದಲ್ಲಿಯೇ ಅಲೆ ಕತ್ತರಿಸಿದ್ದರೆ ಈ ಮೀಟರು ಅದನ್ನು ಹೇಳಲಾರದು. ಅದನ್ನು ಕಾಣಲು ಆಸಿಲೊಸ್ಕೋಪು ಬೇಕು, ಅದು ನಮ್ಮವರ ಸಂಬಳಕ್ಕೆ ಎಟುಕುವ ವಸ್ತುವಲ್ಲ. ಆದುದರಿಂದ ಒಂದೆರಡು ವೋಲ್ಟು ಕಡಿಮೆಯಲ್ಲೇ ನಿಲ್ಲಿಸುವುದು ಲೇಸು.

ನಮ್ಮ ತರುಣನು ಹಳದಿ ಮೀಟರನ್ನೇ ಕೊಂಡನು. ಹೊಸ ಸ್ಪೀಕರು 150 ವ್ಯಾಟು, 4 ಓಮು, ಬೇಕಾದುದು 24.5 ವೋಲ್ಟು. ತಿರುಪು ಮೂರರಲ್ಲೊಂದು ಪಾಲು ತಿರುಗುವಷ್ಟರಲ್ಲಿಯೇ ಮೀಟರು 23 ತೋರಿಸಿತು. ಅಲ್ಲಿಗೇ ಕೈ ತೆಗೆದನು. ಸುಟ್ಟುಹೋದ ಸ್ಪೀಕರಿನ ಕಂತು ಇನ್ನೂ ನಾಲ್ಕು ತಿಂಗಳು ಬಾಕಿಯಿದೆ.