ಕೋಣೆ ಬಾಡಿಗೆಗೆ ಕೊಡೋ ಮುಂಚೆ

ನನ್ನದು ಗಂಗಾವತಿ ತಾಲೂಕಿನಲ್ಲಿ ನಾಲ್ಕು ಎಕರೆ ಮಳೆಯಾಶ್ರಿತ ಹೊಲ. ಸಜ್ಜೆ, ಶೇಂಗಾ, ತೊಗರಿ ಬೆಳೀತೀನಿ. ಕಲಿತದ್ದು ಏಳನೇತ್ತೆ. ನನ್ನ ಮಗ "ಅಪ್ಪಾ, ಮೇವಿನ ಕೋಣೆ ಸರಿಮಾಡಿ ಹೋಂಸ್ಟೇ ಮಾಡೋಣ, ಸಾಲ ಸಿಗ್ತದ" ಅಂತ ಹಠ ಹಿಡಿದ. ಸಾಲದ ಕಾಗದಕ್ಕೆ ಸಹಿ ಹಾಕೋ ಮುಂಚೆ ಆನೆಗೊಂದಿಯ ಬೀಗರ ಮನೆಯಲ್ಲಿ ಎರಡು ದಿನ ಇದ್ದು ಬಂದೆ. ಅವರು ಎರಡು ಕೋಣೆ ಪ್ರವಾಸಿಗರಿಗೆ ಕೊಡ್ತಾರೆ.

ಆನೆಗೊಂದಿ ಇರೋದು ತುಂಗಭದ್ರೆಯ ಈಚೆ ದಂಡೆಗೆ, ಹಂಪಿ ಆಚೆಗೆ. ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆನೆಗೊಂದಿಯಲ್ಲಿ 1997ರಲ್ಲಿ ಶುರುವಾದ ಕಿಷ್ಕಿಂದ ಟ್ರಸ್ಟ್ ಹೆಣ್ಣುಮಕ್ಕಳಿಗೆ ಬಾಳೆ ನಾರಿನ ಕೆಲಸ ಕಲಿಸಿತು. ಗೊನೆ ಕಡಿದ ಮೇಲೆ ದಿಂಡು ಬಿಸಾಕ್ತಿದ್ದೆವು. ಈಗ ಅದರ ನಾರಿನಿಂದ ಚೀಲ, ಬುಟ್ಟಿ ಆಗ್ತಾವೆ.

ಊರವರು ಏನಂತಾರೆ?

ಬೀಗತಿ ಅಂದರು: "ನನ್ನ ಕೈಯಾಗ ನಾಲ್ಕು ರೊಕ್ಕ ಆಡ್ತಾವ, ಯಾರನ್ನೂ ಕೇಳಬೇಕಾಗಿಲ್ಲ." ಪಕ್ಕದ ಮನೆಯ ಕೂಲಿ ಹೆಣ್ಣುಮಗಳ ಮಾತು ಬೇರೆ: "ಕೋಣೆ ಇದ್ದವರಿಗೆ ಬಾಡಿಗೆ. ನಮಗ ಪಾತ್ರೆ ತಿಕ್ಕೋದು." ಇಬ್ಬರ ಮಾತೂ ಖರೆ. ಹೆಚ್ಚಿನ ಕೋಣೆ ಇಲ್ಲದವರಿಗೂ ಹಾಲು, ತರಕಾರಿ, ರೊಟ್ಟಿ ಮಾರೋಕೆ ದಾರಿ ಮಾಡಿದರೆ ಮಾತ್ರ ಅದು ಊರಿನ ಪ್ರವಾಸೋದ್ಯಮ. ಇಲ್ಲದಿದ್ದರೆ ನಾಲ್ಕು ಮನೆಯ ವ್ಯಾಪಾರ.

ಹತ್ತಿರದ ವಿರುಪಾಪುರಗಡ್ಡೆಯದ್ದೂ ನೆನಪಿಡಬೇಕು. ಗದ್ದೆ ಇದ್ದ ಕಡೆ ರೆಸಾರ್ಟ್ ಎದ್ದವು. ಸಂರಕ್ಷಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಕಟ್ಟಿದ್ದಕ್ಕೆ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಕೆಡವಿದರು. ಅದೇ ತಿಂಗಳು ಕೊರೊನಾ ಬಂತು. ಕಾನೂನಿನ ಪ್ರಕಾರ ಕೋಣೆ ಕೊಟ್ಟವರ ಮನೆಗೂ ಜನ ಬರಲಿಲ್ಲ. ಬೀಗರು ಸಾಲ ಮಾಡಿರಲಿಲ್ಲ, ಹೊಲ ಬಿಟ್ಟಿರಲಿಲ್ಲ. ಹಾಗಾಗಿ ಉಳಿದರು.

ಒಣಬೇಸಾಯದವರ ಲೆಕ್ಕ

ಆನೆಗೊಂದಿಗೆ ವಿಜಯನಗರ ಕಾಲದ ಕಾಲುವೆ ನೀರಿದೆ. ನಮ್ಮೂರಲ್ಲಿ ಬೇಸಿಗೆಗೆ ಬೋರು ಕೈ ಕೊಡ್ತದೆ. ಬಂದವರ ಸ್ನಾನ, ಸಂಡಾಸ, ಹಾಸಿಗೆ ಒಗೆಯೋದಕ್ಕೆಲ್ಲ ಅದೇ ನೀರು ಬೇಕು. ದನಕ್ಕೂ ಅದೇ.

ಎರಡನೇದು ಕಾಲ. ಪ್ರವಾಸಿಗರು ಹೆಚ್ಚು ಬರೋದು ನವೆಂಬರಿನಿಂದ ಫೆಬ್ರುವರಿ ತನಕ. ನಮ್ಮ ತೊಗರಿ ಕೊಯ್ದು ಬಡಿಯೋದೂ ಆಗಲೇ. ಬಿಸಿಲು ಏರಿದ ಮೇಲೆ ನಮಗೆ ಬಿಡುವು, ಆಗ ಅವರು ಬರೋದಿಲ್ಲ. ಸಾಲದ ಕಂತು ಮಾತ್ರ ಹನ್ನೆರಡು ತಿಂಗಳೂ ಬರ್ತದೆ.

ಮೂರನೇದು ಮೇವು. ಸಜ್ಜೆ ದಂಟು, ಶೇಂಗಾ ಹೊಟ್ಟು ಮಳೆಗೆ ತೊಯ್ದರೆ ಎತ್ತು ಮಾರಬೇಕಾಗ್ತದೆ. ಎತ್ತು ಹೋದರೆ ಹೊಲವೂ ಪರರ ಕೈಗೆ ಹೋಗ್ತದೆ.

ಹೊರಡೋ ಮುಂಚೆ ಕೇಳಿಕೊಳ್ಳಿ

ಪಂಚಾಯ್ತಿ ಮತ್ತು ಪ್ರವಾಸೋದ್ಯಮ ಇಲಾಖೆಯಲ್ಲಿ ಅನುಮತಿಯ ವಿಚಾರ ಕೇಳಿದ್ದೀರಾ? ಬೇಸಿಗೆಗೆ ನೀರು ಎಲ್ಲಿಂದ? ಒಂದು ವರ್ಷ ಯಾರೂ ಬರದಿದ್ದರೂ ಮನೆ ನಡೀತದಾ? ಕೆಲಸ ಯಾರ ಮೈಮೇಲೆ ಬೀಳ್ತದೆ?

ಕೊನೆಯ ಪ್ರಶ್ನೆ ನನ್ನ ಹೆಂಡತಿದು. "ಅಪ್ಪ ಮಗ ಎಂಟು ದಿನ ವಾದ ಮಾಡಿದ್ರಿ. ಬಂದವರಿಗೆ ರೊಟ್ಟಿ ಬಡಿಯೋಳನ್ನ ಯಾರು ಕೇಳಿದ್ರಿ?" ಅಂದಳು. ನಮ್ಮಿಬ್ಬರ ಬಾಯಿ ಕಟ್ಟಿತು.

ಸಾಲ ತೆಗೆಯಲಿಲ್ಲ. ಮೇವಿನ ಕೋಣೆ ಮೇವಿಗೇ ಇದೆ. ತೊಗರಿ ರಾಶಿ ಮುಗಿದ ಮೇಲೆ, ಆಕೆ ಹೂಂ ಅಂದರೆ, ಪಡಸಾಲೆ ಪಕ್ಕದ ಕೋಣೆಗೆ ಸುಣ್ಣ ಬಳಿದು ನೋಡೋಣ ಅಂತ ಮಗನಿಗೆ ಹೇಳಿದ್ದೇನೆ.