ಹಳೆಯ ಮೌಂಟನ್ ಬೈಕಿಗೆ ಡಿಸ್ಕ್ ಬ್ರೇಕ್

ಸೈಕಲ್ಲಿನ ಬ್ರೇಕ್ ಓಟದ ಶಕ್ತಿಯನ್ನು ಉಜ್ಜಿ ಶಾಖವಾಗಿಸಿ ಗಾಳಿಗೆ ಬಿಡುವ ಸಾಧನ. ಸವಾರನೂ ಸೈಕಲ್ಲೂ ಸೇರಿ 90 ಕಿಲೊ ತೂಗುತ್ತಿದ್ದು ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದರೆ, ನಿಲ್ಲುವಷ್ಟರಲ್ಲಿ 4,500 ಜೂಲ್ ಶಕ್ತಿ ಶಾಖವಾಗಬೇಕು. ಅದೇ ಸೈಕಲ್ ವೇಗ ಏರಿಸಿಕೊಳ್ಳದೆ 100 ಮೀಟರ್ ಎತ್ತರದಿಂದ ಇಳಿದರೆ ಲೆಕ್ಕ ಸುಮಾರು 88,000 ಜೂಲಿಗೆ ಹೋಗುತ್ತದೆ. ಗಾಳಿಯ ಎಳೆತ ಅದರಲ್ಲಿ ಒಂದಿಷ್ಟು ಪಾಲು ತೆಗೆದುಕೊಂಡರೂ ಉಳಿದದ್ದೆಲ್ಲ ಬ್ರೇಕಿನ ಪಾಲಿಗೇ.

1990ರ ದಶಕದ ಕೊನೆಯ ವರ್ಷಗಳಲ್ಲಿ ಬಂದ ಮೌಂಟನ್ ಬೈಕುಗಳಲ್ಲಿ ಈ ಕೆಲಸ ಮಾಡುತ್ತಿದ್ದದ್ದು ಹೆಚ್ಚಾಗಿ ವಿ ಬ್ರೇಕ್. ಎರಡು ಉದ್ದನೆಯ ತೋಳುಗಳು ರಬ್ಬರ್ ತುಂಡುಗಳನ್ನು ರಿಮ್ಮಿನ ಇಕ್ಕೆಲಗಳಿಗೆ ಒತ್ತುತ್ತವೆ. ಒಣ ನೆಲದ ಮೇಲೆ ಇದು ಚೆನ್ನಾಗಿಯೇ ಹಿಡಿಯುತ್ತದೆ. ಇದನ್ನು ಹಳೆಯ ಕಾಲದ ವಸ್ತುವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇದರ ತೊಂದರೆ ಶುರುವಾಗುವುದು ಮಳೆಯಲ್ಲಿ. ರಿಮ್ ನೆಲಕ್ಕೆ ಹತ್ತಿರವಿರುವುದರಿಂದ ನೀರು, ಕೆಸರು, ಮರಳು ಮೊದಲು ಮೆತ್ತುವುದು ಅಲ್ಲೇ. ಒದ್ದೆ ರಿಮ್ ಮೇಲೆ ರಬ್ಬರ್ ಜಾರುತ್ತದೆ, ಮರಳು ಸೇರಿದರೆ ರಿಮ್ಮಿನ ಅಲ್ಯೂಮಿನಿಯಮ್ಮನ್ನೇ ಸವೆಸುತ್ತದೆ. ಚಕ್ರ ಬೆಂಡಾದರಂತೂ ಪ್ರತಿ ಸುತ್ತಿಗೂ ಒಂದು ಬದಿ ತಾಗುತ್ತಿರುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಹಿಡಿಯುವ ಜಾಗ ಚಕ್ರದ ನಡುವಿನ ಹಬ್ಬಿನ ಪಕ್ಕಕ್ಕೆ, ಕೆಸರಿಗಿಂತ ಒಂದಡಿ ಮೇಲಕ್ಕೆ ಹೋಗುತ್ತದೆ. ರಬ್ಬರಿನ ಬದಲು ಗಟ್ಟಿ ಪ್ಯಾಡ್, ಅಲ್ಯೂಮಿನಿಯಮ್ ಬದಲು ಉಕ್ಕಿನ ತಟ್ಟೆ. ಬೆಂಡಾದ ರಿಮ್ಮಿಗೂ ಬ್ರೇಕಿಗೂ ಸಂಬಂಧವೇ ಉಳಿಯುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಬಲದ ಲೆಕ್ಕದಲ್ಲಿದೆ. 26 ಇಂಚಿನ ಚಕ್ರದಲ್ಲಿ ರಬ್ಬರ್ ಹಿಡಿಯುವ ಜಾಗ ಅಚ್ಚಿನಿಂದ ಸುಮಾರು 28 ಸೆಂ.ಮೀ. ದೂರ. 160 ಮಿ.ಮೀ. ವ್ಯಾಸದ ಡಿಸ್ಕಿನಲ್ಲಿ ಪ್ಯಾಡ್ ಹಿಡಿಯುವುದು ಸುಮಾರು 7 ಸೆಂ.ಮೀ. ದೂರದಲ್ಲಿ. ಬಾಗಿಲನ್ನು ಹಿಡಿಕೆಯ ಬಳಿ ತಳ್ಳುವುದಕ್ಕೂ ಕೀಲಿನ ಬಳಿ ತಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇದೆ: ಅಷ್ಟೇ ಬ್ರೇಕಿಗೆ ಪ್ಯಾಡಿನ ಘರ್ಷಣೆ ನಾಲ್ಕು ಪಟ್ಟು ಬೇಕು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಅಷ್ಟು ಬಿಗಿಯಾಗಿ ಒತ್ತುವಂತೆಯೇ ರೂಪುಗೊಂಡಿದೆ, ಚಿಂತೆಯಿಲ್ಲ. ಆದರೆ ಆ ನಾಲ್ಕು ಪಟ್ಟು ಬಲವನ್ನು ಸೈಕಲ್ಲಿನ ಯಾವುದಾದರೂ ಭಾಗ ತಡೆದುಕೊಳ್ಳಲೇಬೇಕು. ಮನೆಯಲ್ಲಿ ಡಿಸ್ಕ್ ಹಾಕಹೊರಟವರು ಬ್ರೇಕ್ ಸೆಟ್ ಕೊಳ್ಳುವ ಮೊದಲು ನೋಡಬೇಕಾದದ್ದು ಆ ಭಾಗಗಳನ್ನು.

ಮೊದಲನೆಯದು ಚಕ್ರ. ರಿಮ್ ಬ್ರೇಕಿನಲ್ಲಿ ತಡೆಯುವ ಬಲ ರಿಮ್ಮಿನಿಂದ ನೇರ ಟೈರಿಗೆ ಹೋಗುತ್ತದೆ, ಹಬ್ ಸುಮ್ಮನೆ ತಿರುಗುತ್ತಿರುತ್ತದೆ. ಡಿಸ್ಕಿನಲ್ಲಿ ಬಲ ಹಬ್ಬಿನಲ್ಲಿ ಹುಟ್ಟಿ ಕಡ್ಡಿಗಳ ಮೂಲಕ ರಿಮ್ಮಿಗೆ ಹೋಗಬೇಕು. ಹಬ್ಬಿನಿಂದ ನೇರವಾಗಿ ಹೊರಟ ಕಡ್ಡಿಗಳು ಈ ತಿರುಚನ್ನು ಹೊರಲಾರವು, ಒಂದನ್ನೊಂದು ದಾಟುವಂತೆ ಓರೆಯಾಗಿ ಹೆಣೆದ ಕಡ್ಡಿಗಳೇ ಆಗಬೇಕು. ಹಬ್ಬಿನ ಎಡಬದಿಯಲ್ಲಿ ಡಿಸ್ಕ್ ಕೂರಲು ಜಾಗವೂ ಬೇಕು: ಒಂದೋ 44 ಮಿ.ಮೀ. ವೃತ್ತದಲ್ಲಿ ಆರು ಬೋಲ್ಟಿನ ತೂತು, ಇಲ್ಲವೇ ಹಲ್ಲುಗಳಿರುವ ಸೆಂಟರ್ ಲಾಕ್. ಹಳೆಯ ಹಬ್ಬಿನಲ್ಲಿ ಇವೆರಡೂ ಇರುವುದಿಲ್ಲ. ಹಾಗಾಗಿ ಡಿಸ್ಕ್ ಹಬ್ ಇರುವ ಹೊಸ ಚಕ್ರವನ್ನೇ ತರುವುದು ಸುಲಭದ ದಾರಿ.

ಎರಡನೆಯದು ಮುಂದಿನ ಫೋರ್ಕ್. ಕ್ಯಾಲಿಪರ್ ಎಡಗಾಲಿನ ಹಿಂಬದಿಯಲ್ಲಿ, ಅಚ್ಚಿಗೆ ತೀರ ಹತ್ತಿರ ಕೂರುವುದರಿಂದ ಬ್ರೇಕಿನ ಪೂರ್ತಿ ಹೊರೆ ಒಂದೇ ಕಾಲಿನ ತುದಿಗೆ ಬೀಳುತ್ತದೆ. ವಿ ಬ್ರೇಕಿನ ಹೊರೆ ಎರಡೂ ಕಾಲುಗಳ ಮೇಲ್ಭಾಗಕ್ಕೆ ಹಂಚಿಹೋಗುತ್ತಿತ್ತು. ಆದ್ದರಿಂದ ಹಳೆಯ ಫೋರ್ಕಿಗೆ ಪಟ್ಟಿ ಬಿಗಿದು ಕ್ಯಾಲಿಪರ್ ನೇತುಹಾಕುವುದು ಅಪಾಯ. ಕ್ಯಾಲಿಪರ್ ಕೂರಿಸುವ ಜಾಗ ಕಾರ್ಖಾನೆಯಲ್ಲೇ ಮಾಡಿಬಂದ ಫೋರ್ಕ್ ಬೇಕು. ಅದರಲ್ಲಿ ಎರಡು ಬಗೆ: ಬೋಲ್ಟುಗಳ ಅಂತರ 51 ಮಿ.ಮೀ. ಇರುವ ಐ.ಎಸ್., 74 ಮಿ.ಮೀ. ಇರುವ ಪೋಸ್ಟ್ ಮೌಂಟ್. ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಅಡಾಪ್ಟರ್ ಸಿಗುತ್ತದೆ. ಹ್ಯಾಂಡಲ್ ಹಿಡಿಯುವ ನಳಿಗೆ ಆ ಕಾಲದ ಬೈಕುಗಳಲ್ಲಿ ಸಾಮಾನ್ಯವಾಗಿ 28.6 ಮಿ.ಮೀ. ದಪ್ಪದ್ದು, ಹೊಸ ಫೋರ್ಕೂ ಅದೇ ಅಳತೆಯದಿರಬೇಕು. ಹೊಸದು ಹಳೆಯದಕ್ಕಿಂತ 2 ಸೆಂ.ಮೀ. ಉದ್ದವಾದರೆ ಮುಂಭಾಗ ಎತ್ತರವಾಗಿ ಫೋರ್ಕಿನ ಓರೆ ಸುಮಾರು ಒಂದು ಡಿಗ್ರಿ ಹೆಚ್ಚುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಜಡವೆನಿಸುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಕ್ರ ಮುಂದಕ್ಕೆ ಉರುಳುವಾಗ ಡಿಸ್ಕಿನ ಹಿಂಬದಿ ಮೇಲಕ್ಕೆ ಚಲಿಸುತ್ತಿರುತ್ತದೆ. ಪ್ಯಾಡ್ ಅದನ್ನು ಹಿಡಿದಾಗ ಕ್ಯಾಲಿಪರಿಗೆ ಮೇಲಕ್ಕೆ ಎಳೆತ, ಅಚ್ಚಿಗೆ ಕೆಳಕ್ಕೆ ಒತ್ತು. ಅಚ್ಚು ಕೂತಿರುವ ಸೀಳು ಬಾಯಿ ತೆರೆದಿರುವುದೂ ಕೆಳಕ್ಕೇ. ಅಂದರೆ ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಚಕ್ರವನ್ನು ಹೊರಗೆ ತಳ್ಳುವ ಬಲವೊಂದು ಕೆಲಸ ಮಾಡುತ್ತಿರುತ್ತದೆ. ಸೀಳಿನ ತುದಿಯಲ್ಲಿರುವ ಸಣ್ಣ ತುಟಿಯಂಥ ಉಬ್ಬನ್ನು ಉಜ್ಜಿ ತೆಗೆಯಬಾರದು, ಅಚ್ಚನ್ನು ಬಿಗಿಹಿಡಿಯುವ ಕ್ವಿಕ್ ರಿಲೀಸ್ ಸಡಿಲ ಬಿಡಬಾರದು. ಈಚಿನ ಫೋರ್ಕುಗಳಲ್ಲಿ ಸೀಳಿನ ಬದಲು ತೂತೇ ಇದ್ದು, 15 ಮಿ.ಮೀ. ದಪ್ಪದ ಥ್ರೂ ಆ್ಯಕ್ಸಲ್ ಅದರೊಳಗೆ ತೂರುವುದರಿಂದ ಈ ಭಯವಿಲ್ಲ.

ಹಿಂಬದಿಯದು ಕಷ್ಟದ ಮಾತು. ಫ್ರೇಮಿನಲ್ಲಿ ಕ್ಯಾಲಿಪರಿಗೆ ಜಾಗವಿಲ್ಲದಿದ್ದರೆ ಬೆಸುಗೆ ಹಾಕಿಸುವ ಯೋಚನೆ ಬರುವುದು ಸಹಜ. ಉಕ್ಕಿನ ಫ್ರೇಮಾದರೆ ನುರಿತ ಕೈಗಳು ಅದನ್ನು ಮಾಡಬಲ್ಲವು. ಆದರೆ ಬಹಳ ಫ್ರೇಮುಗಳು 6061ರಂಥ ಅಲ್ಯೂಮಿನಿಯಮ್ ಮಿಶ್ರಲೋಹದವು. ಅವಕ್ಕೆ ಗಟ್ಟಿತನ ಬಂದಿರುವುದು ಕಾರ್ಖಾನೆಯ ಶಾಖ ಸಂಸ್ಕರಣದಿಂದ, ಬೆಸುಗೆಯ ಬಿಸಿ ತಗಲಿದ ಕಡೆ ಅದು ಇಳಿದುಹೋಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಮುರಿಯುವುದು ಮಾತ್ರ ಆಮೇಲೆ ಅಲ್ಲೇ. ಅಚ್ಚಿಗೆ ಸಿಕ್ಕಿಸುವ ಅಡಾಪ್ಟರುಗಳೂ ಇವೆ, ಎಲ್ಲ ಫ್ರೇಮಿಗೂ ಒಗ್ಗುವುದಿಲ್ಲ.

ಹಿಂದೆ ವಿ ಬ್ರೇಕನ್ನೇ ಉಳಿಸಿ ಮುಂದೆ ಮಾತ್ರ ಡಿಸ್ಕ್ ಹಾಕುವುದು ಅರೆಬರೆ ಕೆಲಸವೆಂದು ತೋರಬಹುದು, ಆದರೆ ಭೌತಶಾಸ್ತ್ರ ಅದರ ಪರವಾಗಿದೆ. ಜೋರಾಗಿ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುತ್ತದೆ. ವೇಗ ಕುಗ್ಗುವ ದರ ಗುರುತ್ವ ವೇಗೋತ್ಕರ್ಷದ ಅರ್ಧವನ್ನು ತುಸು ಮೀರಿದರೆ ಹಿಂದಿನ ಚಕ್ರ ನೆಲ ಬಿಡುತ್ತದೆ. ಭಾರವಿಲ್ಲದ ಚಕ್ರಕ್ಕೆ ಎಂಥ ಬ್ರೇಕ್ ಹಾಕಿದರೂ ಅದು ಬೇಗ ಜಾರುತ್ತದೆ.

ಇನ್ನು ಕೇಬಲ್ಲೋ ಎಣ್ಣೆಯೋ ಎಂಬ ಆಯ್ಕೆ. ಎಣ್ಣೆಯ ಬ್ರೇಕ್ ಬೆರಳಿಗೆ ಹಗುರ, ಎರಡೂ ಪ್ಯಾಡುಗಳನ್ನು ಸಮನಾಗಿ ದೂಡುತ್ತದೆ. ಆದರೆ ಕೊಳವೆಯನ್ನು ಬೇಕಾದ ಉದ್ದಕ್ಕೆ ಕತ್ತರಿಸಿದರೆ ಗಾಳಿ ಹೊರಡಿಸುವ ಕೆಲಸ ಬರಬಹುದು. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್, ಕೆಲವು ಕಂಪನಿಗಳದಕ್ಕೆ ಡಾಟ್ ದ್ರವ. ಒಂದರ ಸೀಲಿಗೆ ಇನ್ನೊಂದು ವಿಷ. ಮನೆಯಲ್ಲಿ ಮೊದಲ ಸಲ ಕೈಹಾಕುವವರಿಗೆ ಕೇಬಲ್ ಬ್ರೇಕೇ ಒಳ್ಳೆಯದು. ಮೌಂಟನ್ ಬೈಕಿಗೆಂದು ಮಾಡಿದ ಕೇಬಲ್ ಕ್ಯಾಲಿಪರಿಗೆ ವಿ ಬ್ರೇಕಿನಷ್ಟೇ ಉದ್ದದ ಎಳೆತ ಬೇಕು, ಹಳೆಯ ಲಿವರೇ ಸಾಕು. ರೋಡ್ ಬೈಕಿನ ಕ್ಯಾಲಿಪರಿಗೆ ಕಡಿಮೆ ಎಳೆತ ಸಾಕಾಗುವುದರಿಂದ ಆ ಲಿವರಿನೊಂದಿಗೆ ಅದು ಹೊಂದುವುದಿಲ್ಲ.

ಜೋಡಣೆ ಅರ್ಧ ದಿನದ ಕೆಲಸ. ಡಿಸ್ಕಿನ ಮೇಲಿನ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ಕಡೆಗಿರಬೇಕು. ಆರು ಬೋಲ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕ್ಯಾಲಿಪರನ್ನು ಸಡಿಲವಾಗಿ ಕೂರಿಸಿ, ಲಿವರ್ ಒತ್ತಿ ಹಿಡಿದು, ಪ್ಯಾಡುಗಳು ಡಿಸ್ಕನ್ನು ಕಚ್ಚಿದ ಸ್ಥಿತಿಯಲ್ಲೇ ಅದರ ಬೋಲ್ಟುಗಳನ್ನು ಬಿಗಿದರೆ ಮಧ್ಯಕ್ಕೆ ಬರುತ್ತದೆ. ಅಗ್ಗದ ಕೇಬಲ್ ಕ್ಯಾಲಿಪರುಗಳಲ್ಲಿ ಒಂದೇ ಪ್ಯಾಡ್ ಚಲಿಸುತ್ತದೆ; ಚಲಿಸದ ಪ್ಯಾಡನ್ನು ಅದರ ತಿರುಪಿನಿಂದ ಡಿಸ್ಕಿಗೆ ತಾಗಿಯೂ ತಾಗದಂತೆ ಹತ್ತಿರ ತರಬೇಕು. ಕೈಯ ಎಣ್ಣೆ ಅಂಶವೂ ಡಿಸ್ಕಿಗೆ ಆಗದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದರೆ ಸರಿಹೋಗುತ್ತದೆ. ಚೈನಿಗೆ ಎಣ್ಣೆ ಸಿಂಪಡಿಸುವಾಗ ಒಂದು ಹನಿ ಪ್ಯಾಡಿಗೆ ಹಾರಿದರೂ ಅದು ಕೀರಲು ಶುರುಮಾಡುತ್ತದೆ, ಹಿಡಿತ ಹೋಗುತ್ತದೆ.

ಹೊಸ ಬ್ರೇಕ್ ಮೊದಲ ದಿನ ಚೆನ್ನಾಗಿ ಹಿಡಿಯುವುದಿಲ್ಲ. ಸಮತಟ್ಟಾದ ಖಾಲಿ ಜಾಗದಲ್ಲಿ ವೇಗ ಪಡೆದು, ಪೂರ್ತಿ ನಿಲ್ಲದೆ ನಡಿಗೆಯ ವೇಗಕ್ಕೆ ಇಳಿಸುವುದನ್ನು ಇಪ್ಪತ್ತರಷ್ಟು ಸಲ ಮಾಡಿದಾಗ ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಹರಡಿ ಹಿಡಿತ ಬರುತ್ತದೆ. ಶಿಮಾನೊ ಡಿಸ್ಕ್ ಹೊಸದರಲ್ಲಿ 1.8 ಮಿ.ಮೀ. ದಪ್ಪವಿದ್ದು, 1.5 ಮಿ.ಮೀ.ಗೆ ಸವೆದಾಗ ಬದಲಿಸಬೇಕು.