ಮಣ್ಣಿನ ಟ್ರ್ಯಾಕಿನ ಕಾರಿಗೆ ಚಕ್ರ ಹೊಂದಿಸುವ ಬಗೆ

ಭತ್ತದ ಕೊಯ್ಲು ಮುಗಿದು ಗದ್ದೆ ಬಯಲು ಒಣಗಿತೆಂದರೆ ಕೊಡಗು, ಚಿಕ್ಕಮಗಳೂರಿನ ಕಡೆ ಆಟೋಕ್ರಾಸ್ ಪಂದ್ಯಗಳ ಮಾತು ಶುರುವಾಗುತ್ತದೆ. ಜಿಪ್ಸಿಯೋ, ಜೀಪೋ, ಹಳೆಯ ಮಾರುತಿ 800 ಕಾರೋ, ಯಾವುದು ಕೈಗೆ ಸಿಕ್ಕಿದರೆ ಅದನ್ನು ತೋಟದ ಹುಡುಗರು ಕೂಳೆ ಗದ್ದೆಗೆ ಇಳಿಸುತ್ತಾರೆ. ಇವುಗಳಲ್ಲಿ ಕೆಲವು ಪಂದ್ಯಕ್ಕೆಂದೇ ಮೀಸಲಾದ ಗಾಡಿಗಳಲ್ಲ. ಸೋಮವಾರ ಬೆಳಿಗ್ಗೆ ಅವೇ ಆಳುಗಳನ್ನು ಕರೆತರಬೇಕು, ಗೊಬ್ಬರದ ಮೂಟೆ ಹೊರಬೇಕು. ಆದುದರಿಂದ ಚಕ್ರದ ಅಲೈನ್‌ಮೆಂಟ್ ಕುರಿತು ನಮ್ಮ ಬೆಳೆಗಾರರ ಪತ್ರಿಕೆಯಲ್ಲಿ ನಾಲ್ಕು ಮಾತು ಬರೆದರೆ ಅದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇವೆ.

ಈ ವಿದ್ಯೆ ಬಹಳ ಮುಂದುವರಿದಿರುವುದು ಅಮೆರಿಕದಲ್ಲಿ. ಅಲ್ಲಿ ಅಂಡಾಕಾರದ ಜೇಡಿಮಣ್ಣಿನ ಟ್ರ್ಯಾಕುಗಳುಂಟು. ಒಹಾಯೋ ರಾಜ್ಯದ ಎಲ್ಡೋರಾ ಟ್ರ್ಯಾಕು 1954ರಿಂದ ನಡೆಯುತ್ತಿದೆ. ಅದರ ಸುತ್ತು ಅರ್ಧ ಮೈಲಿ, ಅಂದರೆ ಸುಮಾರು 800 ಮೀಟರ್. ಇಂಥ ಟ್ರ್ಯಾಕಿನಲ್ಲಿ ಕಾರುಗಳು ಸುತ್ತುವುದು ಅಪ್ರದಕ್ಷಿಣೆಯಾಗಿ. ಎಂದರೆ ಪಂದ್ಯ ಮುಗಿಯುವವರೆಗೆ ಎಡಕ್ಕೇ ತಿರುವು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಕಾರು ಎಡಕ್ಕೆ ತಿರುಗುವಾಗ ಮೈ ಬಲಕ್ಕೆ ವಾಲುತ್ತದೆ, ಭಾರವೆಲ್ಲ ಬಲ ಮುಂಚಕ್ರದ ಮೇಲೆ ಬೀಳುತ್ತದೆ. ಆಗ ಆ ಚಕ್ರದ ತಲೆ ಹೊರಕ್ಕೆ ಬಾಗಿ ಟಯರು ಅಂಚಿನ ಮೇಲೆ ನಿಲ್ಲುವಂತಾಗುತ್ತದೆ. ಇದನ್ನು ತಪ್ಪಿಸಲು ಅಲ್ಲಿಯವರು ನಿಂತ ಕಾರಿನಲ್ಲೇ ಬಲಚಕ್ರದ ತಲೆಯನ್ನು ಮೂರು ನಾಲ್ಕು ಡಿಗ್ರಿ ಒಳಕ್ಕೆ ಬಾಗಿಸಿರುತ್ತಾರೆ. ಎಡಚಕ್ರದ ತಲೆಯನ್ನು ಹೊರಕ್ಕೆ. ಚಕ್ರದ ಈ ವಾಲಿಕೆಗೇ ಕ್ಯಾಂಬರ್ ಎಂಬ ಹೆಸರು. ನಿಂತಾಗ ಆ ಕಾರು ಕಾಲು ಸೊಟ್ಟಗಾದ ದನದಂತೆ ಕಾಣುತ್ತದೆ, ತಿರುವಿನಲ್ಲಿ ಮಾತ್ರ ಟಯರು ಅಗಲವಾಗಿ ನೆಲ ಕಚ್ಚುತ್ತದೆ. ಕ್ಯಾಸ್ಟರ್ ಎಂದರೆ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಪ್ರಮಾಣ. ತಿರುಗಿಸಿದ ಸ್ಟೇರಿಂಗ್ ತಾನೇ ನೇರಕ್ಕೆ ಬರುವುದು ಇದರಿಂದಲೇ. ಇದನ್ನು ಎಡಕ್ಕೆ ಕಡಿಮೆ, ಬಲಕ್ಕೆ ಹೆಚ್ಚು ಇಟ್ಟರೆ ಕಾರು ತಾನಾಗಿ ಎಡಕ್ಕೆ ಎಳೆಯುತ್ತದೆ. ಸಾಲದ್ದಕ್ಕೆ ಹಿಂದಿನ ಬಲ ಟಯರಿನ ಸುತ್ತಳತೆ ಎಡದ್ದಕ್ಕಿಂತ ಕೆಲವು ಅಂಗುಲ ಹೆಚ್ಚು. ಬಾಯಗಲದ ಲೋಟವನ್ನು ನೆಲದ ಮೇಲೆ ಉರುಳಿಸಿ ನೋಡಿ, ಅದು ಸಣ್ಣ ತಳದ ಕಡೆಗೆ ಸುತ್ತು ಹೊಡೆಯುತ್ತದೆ. ಇಲ್ಲಿಯೂ ಅದೇ ತತ್ತ್ವ.

ಈಗ ಫೋನಿನಲ್ಲಿ ಇವೆಲ್ಲ ನೋಡಲು ಸಿಗುವುದರಿಂದ ಹುಡುಗರಿಗೆ ಹಾಗೆಯೇ ಮಾಡುವ ಆಸೆ. ನಮ್ಮ ಅಭಿಪ್ರಾಯದಲ್ಲಿ ಇದು ಕೂಡದು. ನಮ್ಮ ಆಟೋಕ್ರಾಸಿನಲ್ಲಿ ಎಡ ತಿರುವೂ ಉಂಟು, ಬಲ ತಿರುವೂ ಉಂಟು. ಒಂದೇ ಕಡೆಗೆ ಒಗ್ಗಿಸಿದ ಕಾರು ಇನ್ನೊಂದು ತಿರುವಿನಲ್ಲಿ ಮೂಗು ನೇರ ಮಾಡಿಕೊಂಡು ಬದುವಿಗೆ ಹೋಗುತ್ತದೆ. ಇಲ್ಲಿ ಎರಡೂ ಕಡೆ ಸಮವಾಗಿರಬೇಕು: ಕಾರಿಗಾದರೆ ಒಂದೂವರೆ ಡಿಗ್ರಿಯಷ್ಟು ಒಳವಾಲು, ಚಕ್ರಗಳ ಮುಂಬದಿ ಎರಡು ಮೂರು ಮಿಲಿಮೀಟರ್ ಹೊರಕ್ಕೆ. ಇದನ್ನೇ ಟೋ-ಔಟ್ ಎನ್ನುವುದು. ಸಡಿಲ ಮಣ್ಣಿನಲ್ಲಿ ಮೂಗು ಬೇಗ ತಿರುಗುತ್ತದೆ. ಮಾರುತಿ 800ರಲ್ಲಿ ಕ್ಯಾಂಬರಿಗಾಗಿ ಸ್ಟ್ರಟ್ಟಿನ ಬೋಲ್ಟು ತೂತನ್ನು ಅರದಿಂದ ಉಜ್ಜಿ ಉದ್ದ ಮಾಡುವವರಿದ್ದಾರೆ. ಗುಂಡಿಗೆ ಬಿದ್ದಾಗ ಅದು ಜಾರುತ್ತದೆ. ಹೊಂದಿಸಲೆಂದೇ ಮಾಡಿದ ಬೋಲ್ಟು ಸಿಗುವಾಗ ಈ ಸಾಹಸವೇಕೆ?

ಅಳತೆಗೆ ಪಟ್ಟಣದ ಯಂತ್ರವೇ ಬೇಕೆಂದಿಲ್ಲ. ಕಾಫಿ ಒಣಗಿಸುವ ಸಿಮೆಂಟು ಕಣ ಸಾಕು. ಆದರೆ ಮಳೆನೀರು ಹರಿಯಲೆಂದು ಕಣಕ್ಕೆ ಇಳಿಜಾರು ಕೊಟ್ಟಿರುತ್ತೇವಷ್ಟೆ. ನೀರು ತುಂಬಿದ ಟ್ಯೂಬಿನಿಂದ ಮಟ್ಟ ನೋಡಿ, ತಗ್ಗಿನ ಚಕ್ರದ ಕೆಳಗೆ ತಗಡು ಕೊಟ್ಟು ನಾಲ್ಕನ್ನೂ ಸಮ ಮಾಡಿಕೊಳ್ಳಬೇಕು. ಅದಕ್ಕೂ ಮೊದಲು ಚಕ್ರವನ್ನು ಜಾಕಿನ ಮೇಲೆತ್ತಿ ಮೇಲೆ ಕೆಳಗೆ, ಎಡ ಬಲ ಹಿಡಿದು ಅಲುಗಿಸಿ ನೋಡತಕ್ಕದ್ದು. ಬೇರಿಂಗಿನಲ್ಲಿ, ಕಿಂಗ್‌ಪಿನ್ನಿನಲ್ಲಿ, ಟೈ ರಾಡಿನ ತುದಿಯಲ್ಲಿ ಆಟವಿದ್ದರೆ ಅಳತೆಗೆ ಅರ್ಥವಿಲ್ಲ. ಟಯರಿನ ಗಾಳಿ ಸರಿಮಾಡಿ, ಚಾಲಕನ ಸೀಟಿನಲ್ಲಿ ಅವನ ತೂಕದಷ್ಟು ಮೂಟೆಯನ್ನಿಟ್ಟು, ಗಾಡಿಯನ್ನು ಒಂದೆರಡು ಸಲ ಅದುಮಿ ಬಿಟ್ಟು ಆಮೇಲೆ ಅಳೆಯಬೇಕು.

ಕ್ಯಾಂಬರಿಗೆ ಮೇಸ್ತ್ರಿಯ ತೂಗುಗುಂಡು ಸಾಕು. ಚಕ್ರದ ಪಕ್ಕ ದಾರ ಇಳಿಬಿಟ್ಟು ರಿಮ್ಮಿನ ಮೇಲಂಚಿಗೂ ಕೆಳ ಅಂಚಿಗೂ ಇರುವ ದೂರ ನೋಡಿ. ರಿಮ್ಮಿನ ಎತ್ತರ 400 ಮಿಲಿಮೀಟರ್ ಇದ್ದರೆ, 7 ಮಿಲಿಮೀಟರ್ ವ್ಯತ್ಯಾಸಕ್ಕೆ ಒಂದು ಡಿಗ್ರಿ ಎಂದು ಲೆಕ್ಕ. ಟೋ ಅಳೆಯಲು ಚಕ್ರವನ್ನೆತ್ತಿ ತಿರುಗಿಸುತ್ತ, ಟಯರಿನ ನಡುವೆ ಸುತ್ತಲೂ ಸೀಮೆಸುಣ್ಣ ಹಚ್ಚಿ ಅದರ ಮೇಲೆ ಮೊಳೆಯಿಂದ ಗೆರೆ ಎಳೆಯಬೇಕು. ಗಾಡಿಯನ್ನಿಳಿಸಿ ಒಂದು ಮಾರು ಮುಂದಕ್ಕೆ ತಳ್ಳಿ ನಿಲ್ಲಿಸಿ. ಚಕ್ರದ ನಡುಮಟ್ಟದಲ್ಲಿ, ಟಯರಿನ ಮುಂದೊಮ್ಮೆ ಹಿಂದೊಮ್ಮೆ, ಗೆರೆಯಿಂದ ತೂಗುಗುಂಡು ಬಿಟ್ಟು ನೆಲಕ್ಕೆ ಗುರುತು ಹಾಕಿ ಗುರುತುಗಳ ನಡುವೆ ಟೇಪು ಹಿಡಿಯಿರಿ. ಮುಂದೆ ಹೆಚ್ಚಿದ್ದರೆ ಟೋ-ಔಟ್, ಹಿಂದೆ ಹೆಚ್ಚಿದ್ದರೆ ಟೋ-ಇನ್. ಕ್ಯಾಸ್ಟರ್, ಕ್ಯಾಂಬರ್ ಮುಟ್ಟಿದರೆ ಟೋ ಕೆಡುತ್ತದೆ. ಆದ್ದರಿಂದ ಟೋ ಕೊನೆಯ ಕೆಲಸ.

ಜೀಪು, ಜಿಪ್ಸಿಗಳಿಗೆ ಮುಂದೆಯೂ ಇಡೀ ಆಕ್ಸಲ್ಲು, ಅಡಿಯಲ್ಲಿ ಪ್ಲೇಟು. ಇವುಗಳಲ್ಲಿ ಕ್ಯಾಂಬರ್ ಬದಲಿಸಲು ಬರುವುದಿಲ್ಲ, ಸುತ್ತಿಗೆ ಹಿಡಿದು ಪ್ರಯತ್ನಿಸುವುದೂ ಬೇಡ. ಪ್ಲೇಟಿಗೂ ಆಕ್ಸಲ್ಲಿಗೂ ನಡುವೆ ಬೆಣೆ ಕೊಟ್ಟು ಕ್ಯಾಸ್ಟರ್ ಬದಲಿಸಬಹುದು. ಅದು ತೀರ ಕಡಿಮೆಯಾದರೆ ಸ್ಟೇರಿಂಗ್ ನೇರಕ್ಕೆ ಮರಳುವುದಿಲ್ಲ, ವೇಗದಲ್ಲಿ ಮುಂಚಕ್ರ ನಡುಗತೊಡಗುತ್ತದೆ. ಹುಡುಗರ ಕೈಗೆ ಉಳಿಯುವುದು ಟೋ ಒಂದೇ.

ನಷ್ಟವಾಗುವುದೂ ಅಲ್ಲಿಯೇ. 70 ಸೆಂಟಿಮೀಟರ್ ಎತ್ತರದ ಟಯರಿಗೆ ಒಟ್ಟು 6 ಮಿಲಿಮೀಟರ್ ಟೋ-ಔಟ್ ಇಟ್ಟರೆಂದು ತಿಳಿಯಿರಿ. ಆಗ ಪ್ರತಿ ಮುಂಚಕ್ರವೂ ಒಂದು ಕಿಲೋಮೀಟರಿಗೆ 4 ಮೀಟರಿಗೂ ಹೆಚ್ಚು ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಪಂದ್ಯದ ಮಣ್ಣಿನಲ್ಲಿ ಇದು ಲೆಕ್ಕಕ್ಕಿಲ್ಲ. ಡಾಂಬರಿನ ಮೇಲೆ ಕೆಲವೇ ವಾರಗಳಲ್ಲಿ ಟಯರಿನ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ಘಾಟಿಯಲ್ಲಿ ಇಳಿಯುವಾಗ ಗಾಡಿ ನೇರ ಹಿಡಿಯದೆ ಆಚೀಚೆ ಅಲೆಯುತ್ತದೆ. ಹಿಂದೆ ಆರೇಳು ಜನ ಕುಳಿತಿರುವಾಗ ಇದು ಆಟದ ಮಾತಲ್ಲ.

ಆದ್ದರಿಂದ ಪಂದ್ಯಕ್ಕೆ ಮೊದಲೇ ಟೈ ರಾಡಿನ ಮರೆಯ ಮೇಲೆ ಬಣ್ಣದ ಗುರುತು ಹಾಕಿ, ಎಷ್ಟು ಸುತ್ತು ತಿರುಗಿಸಿದಿರೆಂದು ಬರೆದಿಟ್ಟುಕೊಳ್ಳಿ. ಪಂದ್ಯ ಮುಗಿದ ಸಂಜೆಯೇ ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿ, ಗಾಡಿಯ ಕೈಪಿಡಿಯಲ್ಲಿ ಹೇಳಿದ ಟೋ-ಇನ್ ಬಂದಿದೆಯೇ ಎಂದು ಮತ್ತೆ ಅಳೆಯಬೇಕು. ಹಳೆಯ ಜೀಪುಗಳಿಗೆ ಅದು ಒಂದೆರಡು ಮಿಲಿಮೀಟರ್ ಮಾತ್ರ. ಗದ್ದೆಯ ಬದುವಿಗೆ ಬಡಿದು ರಾಡು ಬಾಗಿದ್ದರೆ ಬೆಂಕಿಯಲ್ಲಿ ಕಾಸಿ ನೇರ ಮಾಡಿಸದೆ ಹೊಸದನ್ನೇ ಹಾಕಿಸಿ. ಲಾಕ್‌ನಟ್ಟು ಬಿಗಿದು, ಬಿಚ್ಚಿದ ಕಡೆಯೆಲ್ಲ ಹೊಸ ಸ್ಪ್ಲಿಟ್ ಪಿನ್ನು ಕೊಟ್ಟು, ತೋಟದ ರಸ್ತೆಯಲ್ಲಿ ಒಬ್ಬರೇ ಒಂದು ಸುತ್ತು ಓಡಿಸಿ ನೋಡಿದ ಮೇಲೆ ಆಳುಗಳನ್ನು ಹತ್ತಿಸಬಹುದು.